ಖುಷಿಗೆ ಬಡಿದ ಹರಿಗೋಲು

ಸಾಯಬಮ್ಮ ಹುಟ್ಟಿದ್ದು ಸುರಪುರದ ಮಗ್ಗುಲಿನ ದೇವಾಪುರದಲ್ಲಿ. ಆಟ ಕಲಿತದ್ದು ಮಾತ್ರ ಭೀಮಾ ಹೊಳೆಯ ದಂಡೆಯಲ್ಲಿ, ಅದೂ ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು ಇಣುಕಿದ ಮೇಲೆ. ನಡುವಿನ ಅಷ್ಟು ವರ್ಷ ಏನು ಮಾಡುತ್ತಿದ್ದಳು ಎಂದು ಕೇಳಿದರೆ ಉತ್ತರ ಸುಲಭ, ದುಡಿಯುತ್ತಿದ್ದಳು. ಬಡವರ ಮನೆಯ ಹಿರಿಯ ಮಗಳಿಗೆ ಬೇರೆ ಏನು ಮಾಡಲು ಬಿಡುತ್ತಾರೆ? ಓಣಿಯ ಹುಡುಗಿಯರು ಬೇವಿನ ಮರದ ಕೆಳಗೆ ಆಣೆಕಲ್ಲು ಆಡುವಾಗ ಸಾಯಬಮ್ಮನ ಸೊಂಟದ ಮೇಲೆ ಒಂದು ಕೂಸು ಇರುತ್ತಿತ್ತು. ಆ ಕೂಸು ನೆಲಕ್ಕಿಳಿದು ನಡೆಯುವಷ್ಟರಲ್ಲಿ ಅವ್ವ ಇನ್ನೊಂದನ್ನು ಹಡೆದಿರುತ್ತಿದ್ದಳು. ಹುಡುಗಿಯರು ಕಲ್ಲು ಮೇಲೆ ಹಾರಿಸಿ ಹಿಡಿಯುವುದನ್ನು ನಿಂತು ನೋಡಿದರೂ ಸಾಕು, ಒಳಗಿನಿಂದ ಕೂಗು ಬರುತ್ತಿತ್ತು: “ಹೊತ್ತು ಹೋಗವಲ್ದೇನು ನಿನಗ? ಬಾ ಇಲ್ಲಿ, ಬೀಸೂದದ.”

ಹೊಳೆಯವರ ಹೆಣ್ಣನ್ನು ಹೊಳೆಯವರಿಗೇ ಕೊಡುವುದು ರೂಢಿ. ಸಾಯಬಮ್ಮನನ್ನು ಯಾದಗಿರಿಯಿಂದ ತುಸು ಕೆಳಗೆ, ಭೀಮೆಯ ದಂಡೆಯಲ್ಲಿ ನಾಲ್ಕಾರು ಅಂಬಿಗರ ಮನೆಗಳಿದ್ದ ಒಂದು ಕಡವಿಗೆ, ಹೊಳೆ ದಾಟುವ ಜಾಗಕ್ಕೆ, ಕೊಟ್ಟರು. ಗಂಡ ಮರಿಲಿಂಗಪ್ಪ ಹರಿಗೋಲು ಹಾಕಿ ಜನರನ್ನು ದಾಟಿಸುವವನು. ಶಹಾಪುರದ ಕಡೆಯಿಂದ ಬಂದವರನ್ನು ಯಾದಗಿರಿ ಸ್ಟೇಷನ್ನಿನ ಕಡೆಗೆ, ಸ್ಟೇಷನ್ನಿನಿಂದ ಬಂದವರನ್ನು ಆಚೆ ದಂಡೆಗೆ ಮುಟ್ಟಿಸುವುದೇ ಅವನ ಕಾಯಕ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಕಟ್ಟಿದವನು ಜೀವಮಾನದಲ್ಲಿ ಒಂದೇ ಸಲ ದಾಟಿದವನಿರಬೇಕು. ಈ ಕಡವಿನಲ್ಲಿ ದಾಟುವವರೆಲ್ಲ ಸಂಜೆಗೆ ತಿರುಗಿ ಬರಬೇಕಾದವರು, ಆದ್ದರಿಂದ ಮರಿಲಿಂಗಪ್ಪನ ಹಂಗು ಇಟ್ಟುಕೊಂಡೇ ಬದುಕುತ್ತಿದ್ದರು. ಅವನೂ ಸಿಟ್ಟು ಸೆಡವು ಇಲ್ಲದ ಮನುಷ್ಯ. ಸಿಟ್ಟು ಬಂದರೂ ಅದು ಆಚೆ ದಂಡೆ ಮುಟ್ಟುವುದರೊಳಗೆ ಇಳಿದುಹೋಗುತ್ತಿತ್ತು.

ಹರಿಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿ, ಹೊರಗಡೆ ಎಮ್ಮೆಯ ತೊಗಲು ಬಿಗಿದದ್ದು. ನೀರಲ್ಲೇ ಬಿಟ್ಟರೆ ತೊಗಲು ಕೊಳೆಯುತ್ತದೆ, ಹೆಚ್ಚು ಒಣಗಿದರೆ ಬಿರಿಯುತ್ತದೆ. ಅದಕ್ಕೆ ಆಗಾಗ ದಂಡೆಗೆಳೆದು, ಮರಳ ಮೇಲೆ ಬೋರಲು ಹಾಕಿ, ಬಿಸಿಲು ಕಾಣಿಸಿ, ಹದ ನೋಡಿ ಎಣ್ಣೆ ಸವರಬೇಕು. ಹದ ಕಣ್ಣಿಗೆ ಕಾಣುವುದಿಲ್ಲ, ಬಡಿದು ಕೇಳಬೇಕು. ಹಸಿ ಇದ್ದಲ್ಲಿ ಥಪ್ ಎನ್ನುತ್ತದೆ, ಒಣಗಿದಲ್ಲಿ ಧಣ್ ಎನ್ನುತ್ತದೆ. ಹುಟ್ಟು ಹಾಕುವವನು ಮರಿಲಿಂಗಪ್ಪನಾದರೆ ತೊಗಲು ನೋಡುವವಳು ಸಾಯಬಮ್ಮ. ಬಡಿದು ಕೇಳುವುದು ಆಕೆಗೆ ರೊಟ್ಟಿ ತಟ್ಟಿದಷ್ಟೇ ಮಾಮೂಲು ಕೆಲಸ. ಅದರಲ್ಲಿ ಇನ್ನೇನಾದರೂ ಇದ್ದೀತೆಂದು ಬಹಳ ವರ್ಷ ಅನ್ನಿಸಲೇ ಇಲ್ಲ.

ಆಮೇಲೆ ನಿಜಾಮನ ರಾಜ್ಯದ ಕಡೆಯ ವರ್ಷ ಬಂತು. ಆ ಕಡೆಯವರು ಅದನ್ನು ಇಸವಿ ಹೇಳಿ ಕರೆಯುವುದಿಲ್ಲ, ಗದ್ದಲದ ವರ್ಷ ಎನ್ನುತ್ತಾರೆ. ರಜಾಕಾರರು ಊರೂರು ತಿರುಗುತ್ತಿದ್ದರು. ಗಂಡಸರಲ್ಲಿ ಕೆಲವರು ಗಡಿ ದಾಟಿ ಹೋಗಿದ್ದರು, ಮರಿಲಿಂಗಪ್ಪನಂಥವರು ಹಗಲೆಲ್ಲ ಬೆಳೆಯೊಳಗೆ ಅಡಗಿರುತ್ತಿದ್ದರು. ಕಡವು ಕಾಯುವ ಕೆಲಸ ಸಾಯಬಮ್ಮನ ಪಾಲಿಗೆ ಬಿತ್ತು. ಯಾದಗಿರಿ ಕಡೆಯಿಂದ ಬಂದ ಗುಂಪು ಆಚೆ ದಂಡೆಯ ಊರಿಗೆ ಹೋಗಬೇಕೆಂದರೆ ಹೊಳೆ ದಾಟಬೇಕು, ದಾಟಬೇಕೆಂದರೆ ಹರಿಗೋಲು ಬೇಕು. ದೂರದಲ್ಲಿ ಜನ ಕಂಡೊಡನೆ ಸಾಯಬಮ್ಮ ಹರಿಗೋಲನ್ನು ಮೇಲಕ್ಕೆಳೆದು ಬೋರಲು ಹಾಕಿ, ಹುಟ್ಟಿನ ಹಿಡಿಯಿಂದ ಅದರ ಬೆನ್ನಿಗೆ ದಢ್, ದಢ್ ಎಂದು ಬಡಿಯುತ್ತಿದ್ದಳು. ಆ ಸದ್ದು ನೀರಿನ ಮೇಲೆ ಓಡಿ ಆಚೆ ದಂಡೆ ಮುಟ್ಟುತ್ತಿತ್ತು. ಕೇಳಿದವರು ಮಕ್ಕಳನ್ನೆತ್ತಿಕೊಂಡು ಜೋಳದ ಹೊಲ ಸೇರುತ್ತಿದ್ದರು.

“ಯಾಕ ಬಡಿಯಾಕತ್ತೀ?” ಎಂದು ಗುಂಪಿನವರು ಗದರಿದರೆ ಉತ್ತರ ತಯಾರಿತ್ತು.

“ಒಣಗ್ಯಾದೋ ಇಲ್ಲೋ ನೋಡಾಕ್ರಿ. ತೊಗಲು ಸಡ್ಲಾಗ್ಯಾದ. ಈಗ ನೀರಿಗಿ ಬಿಟ್ರ ನಡು ಹೊಳ್ಯಾಗ ಕುಂದ್ರತದ ನೋಡ್ರಿ.”

ಈಜು ಬಾರದವನಿಗೆ ಇದಕ್ಕಿಂತ ದೊಡ್ಡ ಮಾತು ಬೇಕಿಲ್ಲ. ಬೈದು ತಿರುಗಿ ಹೋಗುತ್ತಿದ್ದರು. ಅವರು ಕಣ್ಮರೆಯಾಗುವ ತನಕ ಸಾಯಬಮ್ಮ ನೆಟ್ಟಗೆ ನಿಂತಿರುತ್ತಿದ್ದಳು, ಆಮೇಲೆ ಮರಳಲ್ಲಿ ಕುಸಿದು ಕೂರುತ್ತಿದ್ದಳು.

ಭಾದ್ರಪದದಲ್ಲಿ ಇಂಡಿಯಾದ ಫೌಜು ಬಂತು, ನಿಜಾಮನ ಆಳಿಕೆ ಮುಗಿಯಿತು. ಇನ್ನು ನೆಮ್ಮದಿ ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಗುಂಪು ಕಡವಿಗೆ ಬಂತು. ಈ ಸಲ ಸೇಡು ತೀರಿಸಿಕೊಳ್ಳಲು ಹೊರಟವರು. ಆಚೆ ದಂಡೆಯಲ್ಲಿ ಹತ್ತಿ ಹಿಂಜುವ ಲಾಡ್ಲೇಸಾಬನ ಮನೆಯಿತ್ತು. ಇಡೀ ಊರಿನ ಗಾದಿ, ಕೌದಿಗಳ ಹತ್ತಿ ಅವನ ಬಿಲ್ಲಿನಿಂದ ಬಂದದ್ದು, ಯಾರಿಗೂ ಕೇಡು ಬಗೆದವನಲ್ಲ. ಬಂದವರಿಗೆ ಅದೆಲ್ಲ ಬೇಕಿರಲಿಲ್ಲ, ಅವನ ಹೆಸರೇ ಸಾಕಾಗಿತ್ತು. ಸಾಯಬಮ್ಮ ಅಂದೂ ಹರಿಗೋಲು ಬೋರಲು ಹಾಕಿ ಬಡಿದಳು, ಅಂದೂ ತೊಗಲು ಸಡಿಲಾಗಿದೆ ಎಂದಳು. ಅವರೂ ಬೈದು ತಿರುಗಿ ಹೋದರು. ಆಚೆಗೆ ಲಾಡ್ಲೇಸಾಬನ ಸಂಸಾರವನ್ನು ನಡುವೆ ಹಾಕಿಕೊಂಡು ಊರಿಗೆ ಊರೇ ಜೋಳದೊಳಗೆ ಕುಳಿತಿತ್ತು. ಈ ಒಂದು ಕೆಲಸಕ್ಕಾಗಿ ಆ ಊರಿಗೆ ನನ್ನ ಒಂದು ನಮಸ್ಕಾರ ಇರಲಿ.

ಮರುವರ್ಷ ಮಳೆ ಹದವಾಗಿ ಆಯಿತು. ಹಿಂಗಾರಿ ಜೋಳ ಆಳೆತ್ತರ ನಿಂತಿತು, ಕಡಲೆ ಹೊಲದ ಹುಳಿವಾಸನೆ ಗಾಳಿಯಲ್ಲಿ ಬರತೊಡಗಿತು. ಹೊಳೆ ತಿಳಿಯಾಗಿ, ಸಾವಕಾಶವಾಗಿ ಹರಿಯುತ್ತಿತ್ತು. ಮಾರ್ಗಶಿರದ ಒಂದು ಮುಂಜಾನೆ ಸಾಯಬಮ್ಮ ಎಣ್ಣೆಯ ಡಬ್ಬಿ ಹಿಡಿದು ದಂಡೆಗೆ ಬಂದು, ಬೋರಲು ಬಿದ್ದ ಹರಿಗೋಲಿನ ಹದ ನೋಡಲು ಬೆರಳಿನಿಂದ ಎರಡು ಏಟು ಹಾಕಿದಳು. ಮರಳಿನ ಮೇಲೆ ಓಡಾಡುತ್ತಿದ್ದ ಟಿಟ್ಟಿಭ ಹಕ್ಕಿಯೊಂದು ತಲೆಯೆತ್ತಿ ಟಿಟ್ಟಿ-ಟ್ಟೀ-ಟೀ ಎಂದಿತು. ಸಾಯಬಮ್ಮ ಏನೂ ಯೋಚಿಸದೆ ಅದರ ಹಾಗೆಯೇ ಬೆರಳಾಡಿಸಿದಳು. ಹಕ್ಕಿ ಮತ್ತೆ ಕೂಗಿತು. ಆಕೆ ಮತ್ತೆ ಬಾರಿಸಿದಳು. ಹಕ್ಕಿಗೆ ಇದು ಜಗಳವೋ ಏನೋ ಗೊತ್ತಿಲ್ಲ, ಸಾಯಬಮ್ಮನಿಗಂತೂ ನಗು ತಡೆಯಲಾಗಲಿಲ್ಲ. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಇನ್ನೊಂದಿಷ್ಟು ಬಾರಿಸಿದಳು.

ಅಂದಿನಿಂದ ಎಣ್ಣೆ ಸವರುವ ಕೆಲಸ ಸ್ವಲ್ಪ ಉದ್ದವಾಯಿತು. ನಡುವೆ ಬಡಿದರೆ ಧುಂ ಎಂಬ ತುಂಬು ಸದ್ದು, ಬಿದಿರಿನ ಎಳೆ ಹಾಯ್ದಲ್ಲಿ ಟಕ್ ಎಂಬ ಒಣ ಸದ್ದು, ಅಂಚಿನ ಹತ್ತಿರ ಅಂಗೈ ಜಾರಿಸಿದರೆ ಎಮ್ಮೆ ಉಸಿರು ಬಿಟ್ಟ ಹಾಗೆ ಇನ್ನೊಂದು. ಇಷ್ಟು ವರ್ಷ ಬಡಿದ ಅದೇ ತೊಗಲು, ಅದೇ ಕೈ. ಇವನ್ನೆಲ್ಲ ಎಲ್ಲಿ ಬಚ್ಚಿಟ್ಟಿತ್ತು ಇದು ಎಂದು ಆಕೆಗೆ ಸೋಜಿಗ. ಗಾಳಿ ಬೀಸಿದಾಗ ಒಂದು ನಮೂನೆ, ನೀರು ಕಲ್ಲಿಗೆ ತಾಗುವ ಲಯಕ್ಕೆ ಒಂದು ನಮೂನೆ, ಬೆಳ್ಳಕ್ಕಿಗಳು ಒಮ್ಮೆಲೇ ಎದ್ದು ಹೋದರೆ ಬೆರಳೆಲ್ಲ ಕೂಡಿಸಿ ಇನ್ನೊಂದು. ಕೆಲಸಕ್ಕೆ ಬಾರದ ಕೆಲಸ ಇಷ್ಟು ಹಿತವಾಗಿರುತ್ತದೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದು ರೊಟ್ಟಿ ತಟ್ಟುವಾಗಲೂ ಮೈ ಹಗುರಾಗಿರುತ್ತಿತ್ತು. ಮರಿಲಿಂಗಪ್ಪ ಒಂದು ದಿನ ರೊಟ್ಟಿ ಮುರಿಯುತ್ತ, “ಏನ್ ಇವತ್ತ ಭಾಳ ಖುಷಿಯೊಳಗ ಇದ್ದಂಗದ,” ಎಂದ. “ನಿಮಗೇನ್ ತ್ರಾಸ ಆತದಕ್ಕ?” ಎಂದು ಆಕೆ ಇನ್ನೊಂದು ರೊಟ್ಟಿ ಹಾಕಿದಳು.

ಇಷ್ಟಕ್ಕೇ ನಿಂತಿದ್ದರೆ ಕಥೆ ಹೊಳೆಯ ದಂಡೆ ಬಿಟ್ಟು ಹೋಗುತ್ತಿರಲಿಲ್ಲ. ಬೆರಳ ಸದ್ದು ಆಚೆ ದಂಡೆಗೆ ಮುಟ್ಟುವಂಥದ್ದಲ್ಲ. ಆದರೆ ಖುಷಿಗೆ ಅಳತೆ ಎಲ್ಲಿದೆ? ಒಂದು ಮುಂಜಾನೆ ತೊಗಲು ಬಿಸಿಲಿಗೆ ಚೆನ್ನಾಗಿ ಬಿಗಿದಿತ್ತು, ಹಕ್ಕಿಗಳ ಹಿಂಡೇ ಇಳಿದಿತ್ತು. ಸಾಯಬಮ್ಮ ಸೀರೆ ಸಿಕ್ಕಿಸಿ, ಮೊಣಕಾಲೂರಿ, ಎರಡೂ ಅಂಗೈಯಿಂದ ಬಾರಿಸತೊಡಗಿದಳು. ಕಣ್ಣು ತಾವಾಗಿಯೇ ಮುಚ್ಚಿದವು. ಎಷ್ಟು ಹೊತ್ತು ಬಾರಿಸಿದಳೋ, ಕಣ್ಣು ತೆರೆದಾಗ ಆಚೆ ದಂಡೆಯಲ್ಲಿ ಜನ ಓಡುತ್ತಿದ್ದರು. ಹೆಂಗಸರ ಬಗಲಲ್ಲಿ ಕೂಸು, ಗಂಡಸರ ಹೆಗಲ ಮೇಲೆ ಗಂಟು, ಎಲ್ಲರ ಮುಖ ಜೋಳದ ಹೊಲದ ಕಡೆಗೆ.

ಸಾಯಬಮ್ಮ ಗಾಬರಿಯಿಂದ ಹಿಂದೆ ತಿರುಗಿ ನೋಡಿದಳು, ದಾರಿಯಲ್ಲಿ ಯಾರೂ ಇರಲಿಲ್ಲ. ಏನಾಗಿದೆ ಎಂಬುದು ಹೊಳೆದದ್ದು ಆಮೇಲೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಆರಿಸಿ ಕುಡಿಯುತ್ತಾರೆ. ಆ ಊರಿನ ಕಿವಿಗೆ ಹರಿಗೋಲಿನ ಸದ್ದೆಂದರೆ ಒಂದೇ ಅರ್ಥ. “ಏನೂ ಇಲ್ರೀ, ಯಾರೂ ಬಂದಿಲ್ರೀ,” ಎಂದು ಕೂಗಿದಳು. ಹೊಳೆ ಅಗಲ, ಕೂಗು ನಡುನೀರಲ್ಲೇ ಉಳಿಯಿತು. ಮತ್ತೆ ಬಡಿದು ಹೇಳೋಣವೆಂದರೆ ಇನ್ನೂ ಓಡುತ್ತಾರೆ. ಅಷ್ಟರಲ್ಲಿ ಮರಿಲಿಂಗಪ್ಪ ಬಲೆಯನ್ನು ಎಲ್ಲೋ ಬಿಸಾಕಿ ಏದುಸಿರು ಬಿಡುತ್ತ ಬಂದ.

“ಯಾರ್ ಬಂದಾರ? ಯಾವ ಕಡಿಂದ?”

“ಯಾರೂ ಇಲ್ಲ. ಮದಲ ಇದನ್ನ ಹೊಳ್ಳಿ ಹಾಕಾಕ ಕೈ ಹಚ್ರಿ.”

ಇಬ್ಬರೂ ಹರಿಗೋಲು ನೀರಿಗೆ ಬಿಟ್ಟು ಆಚೆಗೆ ಹೋದರು. ಮರಿಲಿಂಗಪ್ಪ ಜನರನ್ನು ಕರೆಯಲು ಹೊಲದ ಕಡೆ ನಡೆದ, ಸಾಯಬಮ್ಮ ಊರೊಳಗೆ ಹೊಕ್ಕಳು. ನಾಯಿ ಬಿಟ್ಟರೆ ಒಂದು ಪಿಳ್ಳೆಯೂ ಇರಲಿಲ್ಲ. ಲಾಡ್ಲೇಸಾಬನ ಅಂಗಳದಲ್ಲಿ ಹಿಂಜಿದ ಹತ್ತಿ ಗಾಳಿಗೆ ಹಾರಾಡುತ್ತಿತ್ತು. ಒಂದು ಮನೆಯಲ್ಲಿ ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಸಾಯಬಮ್ಮ ಒಳಗೆ ಹೋಗಿ ಅದನ್ನು ತಿರುವಿ ಹಾಕಿ, ಒಲೆಯ ಕಟ್ಟಿಗೆ ಹಿರಿದು ಬಂದಳು. ಹೊರಗೆ ಬರುತ್ತಲೇ ನೆಲದೊಳಗಿಂದ ದನಿ ಕೇಳಿತು.

“ಯಾರದು? ಯಾರದಾರಲ್ಲಿ?”

ದನಿ ಬಂದದ್ದು ಜಗದೇವಪ್ಪನ ಅಂಗಳದಿಂದ. ಕಿರಾಣಿ ಅಂಗಡಿಯ ಜಗದೇವಪ್ಪ ಆ ಊರಿನ ಹಿರಿಯ, ತೂಕದ ಮನುಷ್ಯ. ಮಾತಿನಲ್ಲೂ ತೂಕ, ಮೈಯಲ್ಲೂ ತೂಕ. ಗದ್ದಲದ ವರ್ಷದಲ್ಲಿ ಎಲ್ಲರೊಡನೆ ಹೊಲಕ್ಕೆ ಓಡಲಾರದೆ, ಅಂಗಳದ ಖಾಲಿ ಹಗೇವಿನಲ್ಲಿ, ಅಂದರೆ ಜೋಳ ತುಂಬಿಡುವ ನೆಲದ ಕುಣಿಯಲ್ಲಿ ಇಳಿದು ಕೂರುತ್ತಿದ್ದ. ಹೆಂಡತಿ ಚಂದಮ್ಮ ಬಾಯಿಗೆ ಕಲ್ಲು ಎಳೆದು ಹೋಗುತ್ತಿದ್ದಳು. ಇಂದು ಅವಸರಕ್ಕೆ ನಿಚ್ಚಣಿಕೆಯೂ ಇಲ್ಲದೆ ಧುಮುಕಿಬಿಟ್ಟಿದ್ದ, ಬಾಯಿಗೆ ಕಲ್ಲು ಎಳೆಯಲೂ ಯಾರೂ ನಿಂತಿರಲಿಲ್ಲ. ಸಾಯಬಮ್ಮ ಬಗ್ಗಿ ನೋಡಿದಳು. ಕತ್ತಲಲ್ಲಿ ರುಮಾಲು ಮಾತ್ರ ಬೆಳ್ಳಗೆ ಕಂಡಿತು.

“ನಾನ್ರೀ ಸಾವ್ಕಾರ್ರ, ಅಂಬಿಗೇರ ಸಾಯಬಮ್ಮ.”

“ಹೋದ್ರೇನು ಅವರು?”

“ಯಾರೂ ಬಂದೇ ಇಲ್ರಿ.”

ಕುಣಿಯೊಳಗೆ ರುಮಾಲು ಮೇಲಕ್ಕೆ ಹೊರಳಿತು.

“ಮತ್ತ ಹರಗೋಲ ಯಾಕ ಬಡದಿ?”

ಸುಳ್ಳು ಹೇಳಬಹುದಿತ್ತು. ಕೋವಿ ಹಿಡಿದವರ ಎದುರು ಸಲೀಸಾಗಿ ಸುಳ್ಳು ಹೇಳಿದ ನಾಲಿಗೆ ಇಲ್ಲಿ ಮಾತ್ರ ಹೊರಳಲಿಲ್ಲ.

“ಖುಷಿಗಿ ಬಡದೆ ಸಾವ್ಕಾರ್ರ,” ಎಂದಳು.

ಹೊಲದಿಂದ ಜನ ತಿರುಗಿ ಬಂದು ಹಗ್ಗ ಬಿಟ್ಟು ಜಗದೇವಪ್ಪನನ್ನು ಮೇಲೆತ್ತಿದರು. ಎತ್ತುವವರಲ್ಲಿ ಒಬ್ಬ ನಗು ನುಂಗಲು ಹೋಗಿ ಕೆಮ್ಮಿದ, ಅದನ್ನು ನೋಡಿ ಇನ್ನೊಬ್ಬ ಕೆಮ್ಮಿದ. ಜಗದೇವಪ್ಪನ ಮೈಗೆಲ್ಲ ಮಣ್ಣು, ಮೊಣಕೈ ತರಚಿತ್ತು. ಅದಕ್ಕಿಂತ ಹೆಚ್ಚಾಗಿ ಮಾನ ತರಚಿತ್ತು. ಅವನು ಕೂಗಾಡಲಿಲ್ಲ. ಮೆಲ್ಲಗೆ ಮಾತಾಡಿದ, ಅದೇ ಸಾಯಬಮ್ಮನಿಗೆ ಹೆಚ್ಚು ನಾಟಿತು.

“ಆ ಸಪ್ಪಳಕ್ಕ ಊರು ಜೀವಾ ಕೈಯಾಗ ಹಿಡಕೊಂಡು ಓಡೇದ. ಅದು ಖುಷಿ ಮಾಡೂ ಸಪ್ಪಳ ಅಲ್ಲ. ನಾಳಿ ಖರೇನ ಯಾರರ ಬಂದ್ರ, ಇದು ಸಾಯಬಮ್ಮನ ಖುಷಿ ಅಂತ ಜನ ಕುಂತು ಬಿಟ್ರ ಏನ್ ಮಾಡ್ತಿ?”

ಜಗದೇವಪ್ಪ ಎಲ್ಲರನ್ನೂ ಹೊಳೆಗೆ ಕರೆದೊಯ್ದ. ಹೊಳೆಯವರು ದೇವರ ಮೇಲೆ ಆಣೆ ಇಟ್ಟು ತಪ್ಪಿದರೂ ತಪ್ಪಿಯಾರು, ಭೀಮವ್ವನ ನೀರು ಹಿಡಿದು ಇಟ್ಟ ಆಣೆ ತಪ್ಪುವುದಿಲ್ಲ. ಅಂಥ ಆಣೆಯನ್ನು ಬಿಡಿಸಬೇಕೆಂದರೆ ಇಡಿಸಿದವನೇ ಅದೇ ನೀರು ಹಿಡಿದು ಬಿಡಿಸಬೇಕು. ಸಾಯಬಮ್ಮ ಬೊಗಸೆಯಲ್ಲಿ ನೀರು ತುಂಬಿಕೊಂಡು, “ಇನ್ನ ಮ್ಯಾಲ ಖುಷಿಗಿ ಹರಗೋಲ ಬಡಿಯಂಗಿಲ್ಲ,” ಎಂದಳು. ನೀರು ಬೆರಳ ಸಂದಿಯಿಂದ ಸೋರಿ ಹೋಯಿತು. ಲಾಡ್ಲೇಸಾಬ ಮುಖ ಆಚೆ ತಿರುಗಿಸಿಕೊಂಡ.

ಇನ್ನು ಹದ ನೋಡುವುದು ಹೇಗೆ? ಖುಷಿಗೆ ಬಡಿಯುವುದಿಲ್ಲ ಎಂದದ್ದು ನಿಜ, ಹದಕ್ಕೆ ಬಡಿಯಬಹುದಿತ್ತು. ಆದರೆ ಬೆರಳು ತೊಗಲಿಗೆ ತಾಗಿದರೆ ಖುಷಿ ತಾನಾಗಿಯೇ ಬರುತ್ತಿತ್ತು, ಅದನ್ನು ಹೇಗೆ ತಡೆಯುವುದು? ಆಕೆ ಕೆನ್ನೆಯೊತ್ತಿ ತಂಪೋ ಬಿಸಿಯೋ ನೋಡತೊಡಗಿದಳು. ಮನೆಯಲ್ಲಿ ಹಿತ್ತಾಳೆ ಕೊಡ ಬಾರಿಸಿ ನೋಡಿದಳು, ಕೊಡ ಕಿರುಚಿತು. ಕಡಾಯಿ ಬಾರಿಸಿದಳು, ಬೆಕ್ಕು ಎದ್ದು ಹೋಯಿತು. ಟಿಟ್ಟಿಭ ದಿನಾ ಬಂದು ಕೂಗುತ್ತಿತ್ತು. ಸಾಯಬಮ್ಮ ಅದಕ್ಕೆ ಬೆನ್ನು ಮಾಡಿ ಎಣ್ಣೆ ಸವರುತ್ತಿದ್ದಳು. ನಲವತ್ತರ ಹೆಂಗಸು ಆಟ ತಪ್ಪಿತೆಂದು ಕಣ್ಣೀರು ಹಾಕುವುದೇ ಎಂದು ತನ್ನನ್ನೇ ಬೈದುಕೊಂಡಳು, ಬೈದುಕೊಂಡು ಕಣ್ಣೀರು ಹಾಕಿದಳು. ಸಣ್ಣವಳಿದ್ದಾಗ ತನ್ನದಲ್ಲದ್ದು ತಪ್ಪಿದರೆ ಅಷ್ಟು ನೋವಾಗುತ್ತಿರಲಿಲ್ಲ. ಈಗಿನದು ಕೈಗೆ ಸಿಕ್ಕಿ ತಪ್ಪಿಹೋದದ್ದು.

“ಎಣ್ಣಿ ಸುಮ್ನ ಸವರತಿ, ಅನ್ನ ಸುಮ್ನ ಉಣತಿ,” ಎಂದ ಮರಿಲಿಂಗಪ್ಪ. “ಮನ್ಯಾಗ ಯಾರೂ ಇಲ್ದಂಗ ಅನಸ್ತದ ನನಗ.”

“ಆಣಿ ಇಟ್ಟೀನಿ. ಏನ್ ಮಾಡ್ಲಿ?”

ಮರುದಿನ ಜಗದೇವಪ್ಪನ ಹೆಂಡತಿ ಚಂದಮ್ಮ ಯಾದಗಿರಿ ಸಂತೆಗೆಂದು ಆಚೆ ದಂಡೆಗೆ ಬಂದು ನಿಂತಾಗ ಮರಿಲಿಂಗಪ್ಪ, “ನನಗ ಭುಜ ಹಿಡದದ. ನೀನ ಹೋಗಿ ಕರಕೊಂಡು ಬಾ,” ಎಂದು ಹುಟ್ಟನ್ನು ಹೆಂಡತಿಯ ಕೈಗೆ ಕೊಟ್ಟು ಜಾಲಿ ಗಿಡದ ಕೆಳಗೆ ಮಲಗಿಬಿಟ್ಟ.

ಚಂದಮ್ಮ ಹರಿಗೋಲಿನ ನಡುವೆ ಕುಳಿತಳು. ನಡುಹೊಳೆಗೆ ಬಂದಾಗ ಮಾತು ಚಂದಮ್ಮನೇ ಶುರು ಮಾಡಿದಳು.

“ತಂಗಿ, ಅವತ್ತ ಬಾರ್ಸಿದ್ದಲ್ಲ, ಅದು ಏನದು?”

“ಏನೂ ಅಲ್ರೀ ಯಕ್ಕಾ. ತಪ್ಪಾತು.”

“ತಪ್ಪಿನ ಮಾತ ಬಿಡು. ನಾ ಓಡಿ ಹೋಗಿ ಜ್ವಾಳದಾಗ ಬಿದ್ದೆ. ಲಾಡ್ಲೇಸಾಬನ ಹೆಂಡ್ತಿ ನನ್ನ ಬಾಜೂಕ ಇದ್ಲು. ಮದಲ ಇಬ್ರೂ ನಡಗಾಕತ್ತಿದ್ವಿ. ಆ ಮ್ಯಾಲ ಕೇಳಸ್ತು, ನಿನ್ನ ಬಡಿತ ನಿಂದ್ರವಲ್ದು. ಗದ್ದಲದಾಗ ದಢ್ ದಢ್ ಅಂತ ಬಡದು ನಿಂತು ಬಿಡ್ತಿದ್ದಿ. ಇದು ಕುಣಕೋತ ಬರಾಕತ್ತಿತ್ತು. ಯಾರೂ ಬಂದಿಲ್ಲ ಅಂತ ನಮ್ಮಿಬ್ರಿಗೂ ಅವಾಗನ ತಿಳೀತು.”

“ಮತ್ತ ಎದ್ದು ಯಾಕ ಬರಲಿಲ್ರಿ?”

ಚಂದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳು.

“ಯಾಕ ಬರಬೇಕು? ಹಗಲ ಹೊತ್ತಿನ್ಯಾಗ ಕೆಲಸಿಲ್ದ ಮಲಗಿದ್ದು ನನ್ನ ಜಲ್ಮದಾಗ ಅದ ಮದಲು. ಮ್ಯಾಲ ತೆನಿ, ಅದರ ಮ್ಯಾಲ ಮುಗಿಲು. ನೀ ಬಾರ್ಸಾಕತ್ತಿದ್ದಿ, ನಾವು ಕೇಳಾಕತ್ತಿದ್ವಿ. ನಮ್ಮವರು ಹಗೇವಿನ್ಯಾಗ ಇದ್ದದ್ದು ನೆನಪ ಆಗಲಿಲ್ಲ ನೋಡು.”

ಸಾಯಬಮ್ಮ ಹುಟ್ಟು ಹಾಕುವುದನ್ನೇ ಮರೆತಳು. ಹರಿಗೋಲು ತನ್ನಷ್ಟಕ್ಕೆ ಒಂದು ಸುತ್ತು ತಿರುಗಿತು. ತಾನೊಬ್ಬಳೇ ಆಡಿದೆನೆಂದು ತಿಳಿದಿದ್ದಳು. ಹೊಳೆಯ ಆಚೆ ಇಬ್ಬರು ಅದರೊಳಗೆ ಇದ್ದರೆಂಬುದು ಆಕೆಗೆ ತುಪ್ಪ ಉಂಡಷ್ಟು ಹಿತವಾಯಿತು.

“ಎಳ್ಳಮಾಸಿಗಿ ನಮ್ಮ ಹೊಲಕ್ಕ ಬರ್ರಿ ಇಬ್ರೂ,” ಎಂದಳು ಚಂದಮ್ಮ ಇಳಿಯುವಾಗ. “ಹರಗೋಲ ದಂಡಿಗಿ ಎಳದು ಬೋರಲ ಹಾಕ್ರಿ. ಮುಂದಿಂದು ನನಗ ಬಿಡು.”

ಎಳ್ಳು ಅಮಾವಾಸ್ಯೆಯ ದಿನ ಆ ಸೀಮೆಯಲ್ಲಿ ಮನೆಯಲ್ಲಿ ಉಣ್ಣುವವರಿಲ್ಲ. ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಹತ್ತೆಂಟು ಕಾಳು-ಕಾಯಿ ಕೂಡಿಸಿದ ಭಜ್ಜಿ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗವೆಂದು ಅದರ ಒಂದು ಪಾಲು ಚೆಲ್ಲಿ, ಬೆಳೆಯ ನಡುವೆ ಕೂತು ಉಣ್ಣಬೇಕು. ಹೊಲ ಇಲ್ಲದವರನ್ನು ಇದ್ದವರು ಕರೆಯಬೇಕು. ಜಗದೇವಪ್ಪನ ಹೊಲ ಹೊಳೆಗೆ ಹತ್ತಿಯೇ ಇತ್ತು. ಅರ್ಧ ಊರು ಅಲ್ಲಿ ನೆರೆದಿತ್ತು. ಸಾಯಬಮ್ಮ, ಮರಿಲಿಂಗಪ್ಪ ಹರಿಗೋಲನ್ನು ಮರಳ ಮೇಲೆ ಬೋರಲು ಹಾಕಿ ಬಂದು ಪಂಕ್ತಿಯ ಕೊನೆಗೆ ಕುಳಿತರು. ಜನ ಉಂಡರು, ನಕ್ಕರು, ಆದರೆ ಆ ಹರಿಗೋಲಿನ ಹತ್ತಿರ ಒಬ್ಬರೂ ಸುಳಿಯಲಿಲ್ಲ. ನೋಡಿಯೂ ನೋಡದ ಹಾಗೆ ಇದ್ದರು.

ಊಟವಾಗಿ ಎಲೆ ಅಡಿಕೆ ಹಾಕುವಾಗ ಚಂದಮ್ಮ ಗಂಡನ ಎದುರು ಕುಳಿತು, ಹರಿಗೋಲಿನಲ್ಲಿ ಹೇಳಿದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಹಗೇವಿನ ಮಾತು ಬಂದಾಗ ಯಾರೋ ಕೆಮ್ಮಿದರು.

“ಆಣಿ ಬಿಡಸ್ರಿ,” ಎಂದಳು ಕಡೆಗೆ. “ಆಕಿ ಬಡದದ್ದಕ್ಕ ನಾವೆಲ್ಲ ಇವತ್ತ ಕಡಬು ತಿನ್ನಾಕತ್ತೇವಿ.”

ಲಾಡ್ಲೇಸಾಬ ತುಸು ದೂರದಲ್ಲಿ ಕುಳಿತಿದ್ದ. “ಸಾವ್ಕಾರ್ರ, ಆ ಸಪ್ಪಳ ಕೇಳಿದ್ರ ನಾನೂ ಬಿಲ್ಲು ಬಿಟ್ಟು ಓಡ್ತೀನಿ,” ಎಂದ. “ನನ್ನ ಹುಡುಕ್ಕೋತ ಬಂದಿದ್ರು ಅವರು. ಖರೇ ಹೇಳ್ತೀನಿ, ಅದ ಸಪ್ಪಳ ಒಂದ ಸಲಾ ಅಂಜಿಕಿಲ್ದ ಕೇಳಿ ಸಾಯಬೇಕು ಅನಸ್ತದ ನನಗ.”

ಜಗದೇವಪ್ಪ ಬೈಯುತ್ತಾನೆಂದು ಸಾಯಬಮ್ಮ ಕಾದಳು. ಅವನು ಎಲೆ ಉಗುಳಿ ಬಾಯಿ ಒರೆಸಿಕೊಂಡು, “ಅದು ಕೇಳಿದ ಕೂಡ್ಲೆ ನನಗ ಹಗೇವಿನ ವಾಸನಿ ಮೂಗಿಗಿ ಬಡೀತದ,” ಎಂದ. “ಮ್ಯಾಲ ಕಲ್ಲು ಎಳದು ಎಲ್ಲಾರೂ ಹೋಗಿಬಿಡ್ತಿದ್ರು. ನಾ ಒಬ್ನ. ಯಾರರ ತಿರುಗಿ ಬರ್ತಾರೋ ಇಲ್ಲೋ ಗೊತ್ತಿಲ್ಲ. ನೀವ್ ಹೊಲದಾಗ ಒಬ್ರಿಗೊಬ್ರು ಇದ್ರಿ.”

ಇಷ್ಟು ದಿನ ಸಾಯಬಮ್ಮ ಅವನನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದಳೋ ಲೆಕ್ಕವಿಲ್ಲ. ಈಗ ಆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹೊಟ್ಟೆಯೊಳಗಿಂದ ಮರುಕ ಎದ್ದು ಬಂತು. ಆಕೆ ಎದ್ದು ನಿಂತಳು.

“ಬ್ಯಾಡ ಬಿಡ್ರಿ ಸಾವ್ಕಾರ್ರ. ನಿಮಗ ಅಷ್ಟು ತ್ರಾಸ ಆಗ್ತದಂದ್ರ ನನಗ ಆ ಖುಷಿ ಬ್ಯಾಡ್ರಿ. ಚಂದಮ್ಮಕ್ಕ, 'ಬಿಡಸ್ರಿ' ಅನಬ್ಯಾಡ್ರಿ ಇನ್ನ.”

ಮನಸ್ಸಿನಿಂದಲೇ ಹೇಳಿದಳು. ಹೇಳಿ ಹರಿಗೋಲು ನೀರಿಗೆ ಬಿಡಲು ಹೊರಟಳು. ಮರಿಲಿಂಗಪ್ಪನೂ ಎದ್ದ. ಇಬ್ಬರೂ ಅಂಚು ಹಿಡಿದು ಎತ್ತುವಷ್ಟರಲ್ಲಿ ಹಿಂದಿನಿಂದ, “ತಡಿ,” ಎಂದಂತಾಯಿತು. ಜಗದೇವಪ್ಪ ಮರಳಲ್ಲಿ ಕಾಲು ಹೂಳಿಸಿಕೊಳ್ಳುತ್ತ ಬರುತ್ತಿದ್ದ. ಬಂದವನು ಹರಿಗೋಲಿನ ಬೆನ್ನ ಮೇಲೆ ಅಂಗೈ ಇಟ್ಟ. ಬಿಸಿಲಿಗೆ ಬೆಚ್ಚಗಾಗಿತ್ತು.

“ಇದು ಎಮ್ಮಿ ತೊಗಲಲ್ಲ?”

“ಹೌದ್ರಿ.”

ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿದ. ಹೊಲದಲ್ಲಿ ಮಾತು ನಿಂತಿತು. ಮತ್ತೆ ಮುಷ್ಟಿ ಕಟ್ಟಿ ಬಡಿದ. ದಢ್. ಕೂಸನ್ನು ಎತ್ತಿಕೊಳ್ಳಲು ಬಗ್ಗಿದ ಒಬ್ಬ ಹೆಂಗಸು ಹಾಗೆಯೇ ನಿಂತಳು. ಬಡಿದವನು ಕಣ್ಣೆದುರಿಗೇ ಇದ್ದಾಗ ಯಾರಿಂದ ಓಡುವುದು? ಜಗದೇವಪ್ಪ ಮತ್ತೆ ಬಡಿದ. ದಢ್. ಅವನಿಗೆ ಗೊತ್ತಿದ್ದ ಬಡಿತ ಅದೊಂದೇ, ಕುಣಿಯೊಳಗೆ ಕೂತು ಕೇಳಿದ್ದು. ಮುಖ ಬೆವೆತಿತ್ತು, ಆದರೆ ನಿಲ್ಲಿಸಲಿಲ್ಲ. ಆಮೇಲೆ ಏನನ್ನಿಸಿತೋ, ಹೊಳೆಗಿಳಿದು ಬೊಗಸೆ ತುಂಬಿಕೊಂಡು ಬಂದು ಸಾಯಬಮ್ಮನ ಎದುರು ನೀರು ಚೆಲ್ಲಿದ.

“ಆಣಿ ಬಿಟ್ಟೀನಿ. ಭೀಮವ್ವನ ಸಾಕ್ಷಿ. ಒಂದ ಮಾತು, ಖರೇನ ಯಾರರ ಬಂದ್ರ ಬಡದು ನಿಂದರ್ಸು, ಖುಷಿಗಾದ್ರ ನಿಂದರ್ಸಬ್ಯಾಡ. ನಮಗ ಫರಕ್ ತಿಳೀಬೇಕು.” ಒಂದು ಗಳಿಗೆ ತಡೆದು ಹೇಳಿದ: “ಈಗ ನಾ ಬಡೀತೀನಿ, ನೀ ಏನ್ ಮಾಡ್ತಿ ಮಾಡು.”

ಜಗದೇವಪ್ಪ ಬಡಿದ. ದಢ್. ಆ ಸದ್ದಿನ ಹಿಂದೆ ಒಂದು ಸುಮ್ಮನಿರುವ ಜಾಗವಿತ್ತು. ಗದ್ದಲದ ವರ್ಷವೆಲ್ಲ ಆ ಜಾಗದಲ್ಲೇ ಊರು ಉಸಿರು ಹಿಡಿದಿತ್ತು. ಸಾಯಬಮ್ಮ ಎದುರು ಮೊಣಕಾಲೂರಿ ಅಲ್ಲಿ ತನ್ನ ಬೆರಳು ಬಿಟ್ಟಳು. ಟಕಟಕ ಎಂದು ಬಿದಿರಿನ ಮೇಲೆ, ಧುಂ ಎಂದು ನಡುವೆ, ಅಂಚಿಗೆ ಜಾರಿ ಮತ್ತೆ ಮೇಲೆ. ದಢ್ ಎನ್ನಿಸಿದ ಅವನು, ಅದರ ಬೆನ್ನಿಗೇ ಆಕೆಯ ಬೆರಳು ಓಡಿದವು. ಅಂಜಿಕೆಯ ಬಡಿತ ಅವನದೇ ಇತ್ತು, ಅದರ ಒಳಗೆಲ್ಲ ಆಕೆ ತುಂಬಿಬಿಟ್ಟಳು. ಸ್ವಲ್ಪ ಹೊತ್ತಿನಲ್ಲಿ ಜಗದೇವಪ್ಪನ ತಲೆ ತಾನಾಗಿಯೇ ಅಲ್ಲಾಡತೊಡಗಿತು. ಲಾಡ್ಲೇಸಾಬ ಎದ್ದು ಬಂದು ಹತ್ತಿರ ಕುಳಿತ, ಅವನ ಹೆಂಡತಿಯೂ ಚಂದಮ್ಮನೂ ಬಂದರು, ಆಮೇಲೆ ಜೋಳದ ಸಾಲುಗಳ ನಡುವಿನಿಂದ ಉಳಿದವರು. ಜಗದೇವಪ್ಪನ ಕೈ ಸೋತು ನಿಂತರೂ ಸಾಯಬಮ್ಮ ಬಾರಿಸುತ್ತಲೇ ಇದ್ದಳು. ಯಾಕೆ ಅಳುತ್ತಿದ್ದೇನೆಂದು ಆಕೆಗೇ ತಿಳಿಯಲಿಲ್ಲ. ಸುಖಕ್ಕೆ ಎಂದು ನಾನು ಹೇಳುತ್ತೇನೆ.

ಸುಗ್ಗಿ ಬಂತು, ಹೋಯಿತು. ಜೋಳ ಕೊಯ್ದು ಹೊಲ ಬಯಲಾದವು, ಅಡಗುತ್ತೇನೆಂದರೂ ಈಗ ಜಾಗವಿರಲಿಲ್ಲ. ಒಂದು ಮುಂಜಾನೆ ಸಾಯಬಮ್ಮ ಹರಿಗೋಲು ಬೋರಲು ಹಾಕಿ ಬಾರಿಸುತ್ತಿದ್ದಳು. ಮರಿಲಿಂಗಪ್ಪ ಜಾಲಿಯ ನೆರಳಲ್ಲಿ ಬಲೆ ಹೆಣೆಯುತ್ತಿದ್ದ. ಆಚೆ ದಂಡೆಗೆ ಜಗದೇವಪ್ಪ ಬಂದು ನಿಂತ. ಅಂಗಡಿಗೆ ಸಾಮಾನು ತರಲು ಹೊರಟಿದ್ದ, ಬಗಲಲ್ಲಿ ಚೀಲ, ರೈಲಿನ ಹೊತ್ತಾಗಿತ್ತು. ಅವನ ಜೊತೆ ಲಾಡ್ಲೇಸಾಬ, ಇನ್ನೂ ಇಬ್ಬರು.

“ಏಳು, ಸಾವ್ಕಾರ್ರು ಬಂದಾರ,” ಎಂದ ಮರಿಲಿಂಗಪ್ಪ. “ರೈಲ್ ತಪ್ಪತದ ಅವರಿಗಿ.”

ಸಾಯಬಮ್ಮ ಕೈ ತಡೆದಳು. ಕಣ್ಣಿಗೆ ಅಂಗೈ ಅಡ್ಡ ಹಿಡಿದು ಆಚೆ ನೋಡಿದಳು. ಸದ್ದು ನಿಂತೊಡನೆ ಆಚೆ ದಂಡೆಯ ನಾಲ್ವರೂ ಥಟ್ಟನೆ ತಲೆಯೆತ್ತಿ ಈಚೆ ನೋಡಿದರು. ಬಡಿದು ನಿಲ್ಲಿಸಿದರೆ ಏನರ್ಥ ಎಂದು ಆಕೆಗೆ ಆಗ ನೆನಪಾಯಿತು. ಲಗುಬಗೆಯಿಂದ ಮತ್ತೆ ಬಾರಿಸತೊಡಗಿದಳು.

ಜಗದೇವಪ್ಪ ಒಂದು ಸಲ ಸ್ಟೇಷನ್ನಿನ ಕಡೆ ನೋಡಿದ, ಒಂದು ಸಲ ಹೊಳೆಯನ್ನು ನೋಡಿದ. ಆಮೇಲೆ ಚೀಲ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಮರಳ ಮೇಲೆ ಕಾಲು ಚಾಚಿ ಕುಳಿತ. ಉಳಿದವರೂ ಒಬ್ಬೊಬ್ಬರಾಗಿ ಕುಳಿತರು.